ಸಣ್ಣ ಊರಿನ ಪತ್ರಿಕೆ ಮತ್ತು ಒಂದು ಲೋಟ ನೀರು

2017ರ ಏಪ್ರಿಲ್ 10ರಂದು ನ್ಯೂಯಾರ್ಕ್‌ನಲ್ಲಿ ಆ ವರ್ಷದ ಪುಲಿಟ್ಜರ್ ಪ್ರಶಸ್ತಿಗಳು ಪ್ರಕಟವಾದವು. ಅಮೆರಿಕದ ಪತ್ರಕರ್ತರಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ. ಸಂಪಾದಕೀಯ ಬರವಣಿಗೆಯ ವಿಭಾಗದಲ್ಲಿ ಕೊನೆಯ ಸುತ್ತಿಗೆ ಬಂದವರು ಮೂವರು. ಒಬ್ಬರು ವಾಷಿಂಗ್ಟನ್ ಪೋಸ್ಟ್‌ನವರು, ಇನ್ನೊಬ್ಬರು ಹ್ಯೂಸ್ಟನ್ ಕ್ರಾನಿಕಲ್‌ನವರು. ಎರಡೂ ದೇಶಕ್ಕೆಲ್ಲ ಗೊತ್ತಿರುವ ದೊಡ್ಡ ಪತ್ರಿಕೆಗಳು. ಮೂರನೆಯವರ ಹೆಸರು ಆರ್ಟ್ ಕಲನ್. ಅವರದು ಸ್ಟಾರ್ಮ್ ಲೇಕ್ ಟೈಮ್ಸ್ ಎಂಬ ಪತ್ರಿಕೆ. ವಾರಕ್ಕೆ ಎರಡು ಸಂಚಿಕೆ, ಸುಮಾರು 3,000 ಪ್ರತಿಗಳ ಪ್ರಸಾರ, ಹತ್ತು ಮಂದಿ ಸಿಬ್ಬಂದಿ. ಆ ಹತ್ತರಲ್ಲಿ ಅರ್ಧದಷ್ಟು ಮಂದಿ ಒಂದೇ ಮನೆಯವರು.

ಪ್ರಶಸ್ತಿ ಬಂದದ್ದು ಈ ಮೂರನೆಯವರಿಗೆ.

ಅವರು ಬರೆದದ್ದು ಅಧ್ಯಕ್ಷರ ಚುನಾವಣೆಯ ಬಗ್ಗೆಯಲ್ಲ, ಯುದ್ಧದ ಬಗ್ಗೆಯೂ ಅಲ್ಲ. ತಮ್ಮ ಕೌಂಟಿಯ ಹೊಲಗಳಿಂದ ಹರಿದುಹೋಗುವ ನೀರಿನಲ್ಲಿ ಏನಿದೆ ಮತ್ತು ಅದರ ಮೇಲಿನ ಮೊಕದ್ದಮೆಗೆ ಹಣ ಯಾರು ಕೊಡುತ್ತಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಅವರು ಬಿಡದೆ ಕೇಳಿದರು. ಮೊದಲನೆಯದು ರಸಾಯನಶಾಸ್ತ್ರದ ಪ್ರಶ್ನೆ, ಎರಡನೆಯದು ಪೌರನೀತಿಯ ಪ್ರಶ್ನೆ. ಶಾಲೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ಪೀರಿಯಡ್ಡು. ಊರಿನ ಬದುಕಿನಲ್ಲಿ ಅವು ಒಂದೇ ಕೊಳವೆಯಲ್ಲಿ ಹರಿಯುತ್ತವೆ.

ಊರು ಮತ್ತು ಕೌಂಟಿ

ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ತಾಲ್ಲೂಕು ಇದ್ದಂತೆ. ವಾಯವ್ಯ ಭಾಗದ ಬ್ಯೂನಾ ವಿಸ್ಟಾ ಕೌಂಟಿಯ ವಿಸ್ತೀರ್ಣ ಸುಮಾರು 1,500 ಚದರ ಕಿಲೋಮೀಟರ್. ನಮ್ಮಲ್ಲಿ ಇಷ್ಟು ದೊಡ್ಡ ತಾಲ್ಲೂಕಿನಲ್ಲಿ ಲಕ್ಷಗಟ್ಟಲೆ ಜನರಿರುತ್ತಾರೆ. ಅಲ್ಲಿರುವುದು ಸುಮಾರು 20,000 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೌಂಟಿಯ ಕೇಂದ್ರವಾದ ಸ್ಟಾರ್ಮ್ ಲೇಕ್ ಪಟ್ಟಣದಲ್ಲಿದ್ದಾರೆ. ಉಳಿದುದೆಲ್ಲ ಚೌಕಾಕಾರದ ಹೊಲಗಳು. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಇಲ್ಲವೇ ಸೋಯಾ ಅವರೆ.

ಪಟ್ಟಣಕ್ಕೆ ಹೆಸರು ಕೊಟ್ಟ ಸರೋವರ 3,000 ಎಕರೆಗೂ ಮೀರಿದ್ದು. ಹಿಮಯುಗದ ಹಿಮನದಿ ಬಿಟ್ಟುಹೋದ ಅಗಲವಾದ, ಆಳವಿಲ್ಲದ ತಟ್ಟೆಯಂಥ ಕೆರೆ ಅದು. ಸುತ್ತಲಿನ ಹೊಲಗಳ ಮಣ್ಣು ಕೊಚ್ಚಿ ಬಂದು ಅದರಲ್ಲಿ ತುಂಬಿಕೊಂಡಿತ್ತು. 2002ರಿಂದ ಹಲವು ವರ್ಷ ಅದರ ಹೂಳೆತ್ತಬೇಕಾಯಿತು. ಊರಿನಲ್ಲಿ ಹಂದಿ ಮತ್ತು ಟರ್ಕಿ ಕೋಳಿಯ ಮಾಂಸ ಸಂಸ್ಕರಿಸುವ ಕಾರ್ಖಾನೆಗಳಿವೆ. ಅಲ್ಲಿ ದುಡಿಯಲು ಲಾವೋಸ್, ಮೆಕ್ಸಿಕೊ, ಪೆಸಿಫಿಕ್ ಸಾಗರದ ದ್ವೀಪಗಳು, ಆಫ್ರಿಕ ಹೀಗೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ಊರಿನ ಶಾಲಾ ಮಕ್ಕಳ ಮನೆಮಾತುಗಳನ್ನು ಎಣಿಸಿದರೆ ಇಪ್ಪತ್ತನ್ನು ದಾಟುತ್ತವೆ.

ಕೌಂಟಿಯ ಆಡಳಿತ ನಡೆಸುವುದು ಚುನಾಯಿತರಾದ ಐದು ಮಂದಿ ಮೇಲ್ವಿಚಾರಕರ ಮಂಡಳಿ. ರಸ್ತೆ, ಸೇತುವೆ, ಬಜೆಟ್ಟು, ತೆರಿಗೆ, ಹೊಲಗಳ ನೀರು ಬಸಿಗಾಲುವೆ ಎಲ್ಲವೂ ಅವರ ಸಭೆಯಲ್ಲಿ ತೀರ್ಮಾನವಾಗಬೇಕು. ಅಯೋವಾದ ಕಾನೂನಿನ ಪ್ರಕಾರ ಸಭೆಗೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕ ಸೂಚನೆ ಕೊಡಬೇಕು, ಸಭೆಯ ಬಾಗಿಲು ತೆರೆದಿರಬೇಕು. ನಡಾವಳಿಯನ್ನೂ ಮಂಜೂರು ಮಾಡಿದ ಬಿಲ್ಲುಗಳ ಪಟ್ಟಿಯನ್ನೂ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು. ಹೀಗಾಗಿ ಅಲ್ಲಿ ಊರಿನ ಪತ್ರಿಕೆ ಆಡಳಿತದ ಲೆಕ್ಕದ ಪುಸ್ತಕವೂ ಹೌದು.

ಬುಧವಾರ, ಶುಕ್ರವಾರ

ಸ್ಟಾರ್ಮ್ ಲೇಕ್ ಟೈಮ್ಸನ್ನು 1990ರಲ್ಲಿ ಆರಂಭಿಸಿದವರು ಜಾನ್ ಕಲನ್. ತಮ್ಮ ಆರ್ಟ್ ಸಂಪಾದಕರಾದರು. ಆರ್ಟ್ ಅವರ ಪತ್ನಿ ಡೊಲೊರೆಸ್ ಕ್ಯಾಮೆರಾ ಹಿಡಿದು ನುಡಿಚಿತ್ರ ಬರೆದರು, ಮಗ ಟಾಮ್ ವರದಿಗಾರನಾದ, ಜಾನ್ ಅವರ ಪತ್ನಿ ಮೇರಿ ಅಡುಗೆಯ ಅಂಕಣ ನೋಡಿಕೊಂಡರು.

ಅಂಥ ಪತ್ರಿಕೆಯಲ್ಲಿ ಏನಿರುತ್ತದೆ? ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರು ತೀರಿಕೊಂಡರು, ಯಾರ ಮದುವೆಗೆ ಐವತ್ತು ವರ್ಷ ತುಂಬಿತು ಎಂಬ ಸುದ್ದಿ. ಪ್ರೌಢಶಾಲೆಯ ಪಂದ್ಯದ ಫಲಿತಾಂಶ. ಕೌಂಟಿ ಜಾತ್ರೆಯಲ್ಲಿ ಯಾವ ಹುಡುಗಿ ಸಾಕಿದ ಕರುವಿಗೆ ಬಹುಮಾನ ಬಂತು ಎಂಬುದು. ಶಾಲಾ ಮಂಡಳಿಯ ಸಭೆ, ಮಳೆಯ ಲೆಕ್ಕ, ಜೋಳದ ದರ. ಹೊರಗಿನವರಿಗೆ ಇದರಲ್ಲಿ ಏನೂ ಸ್ವಾರಸ್ಯ ಕಾಣುವುದಿಲ್ಲ. ಆದರೆ ತನ್ನ ಮಗನ ಹೆಸರು ಅಚ್ಚಾದ ಪುಟವನ್ನು ಕತ್ತರಿಸಿ ಇಡುವ ತಾಯಿಗೆ ಅದು ದೊಡ್ಡ ಸುದ್ದಿಯೇ.

ಈ ಸಣ್ಣ ಸುದ್ದಿಗಳಿಂದ ಪತ್ರಿಕೆ ಗಳಿಸುವುದು ಜನರ ನಂಬಿಕೆಯನ್ನು. ಹುಟ್ಟು-ಸಾವು ಬರೆಯುವಾಗ ಹೆಸರಿನ ಒಂದು ಅಕ್ಷರವೂ ತಪ್ಪದಂತೆ ನೋಡಿಕೊಂಡ ಪತ್ರಿಕೆ ಕಹಿಯಾದ ಮಾತು ಬರೆದಾಗಲೂ ಜನ ಓದುತ್ತಾರೆ. 2015ರಲ್ಲಿ ಅಂಥ ಕಹಿ ಮಾತು ಬರೆಯುವ ಹೊತ್ತು ಬಂತು. ಅದೇನೆಂದು ತಿಳಿಯಲು ಮೊದಲು ಆ ಹೊಲಗಳ ಮಣ್ಣಿನ ಕೆಳಗೆ ಇಳಿದು ನೋಡಬೇಕು.

ಕಪ್ಪು ಮಣ್ಣಿನ ಕೆಳಗಿನ ಕೊಳವೆಗಳು

ಉತ್ತರ-ಮಧ್ಯ ಅಯೋವಾದ ನೆಲ ಬಹುಪಾಲು ಸಪಾಟು. ಹಿಮನದಿ ಕರಗಿಹೋದ ಮೇಲೆ ಅಲ್ಲಿ ಉಳಿದದ್ದು ಹುಲ್ಲುಗಾವಲು ಮತ್ತು ಸಾವಿರಾರು ಸಣ್ಣ ಜೌಗು ಗುಂಡಿಗಳು. ಮಣ್ಣು ಕಪ್ಪು, ಸಾವಯವ ಅಂಶದಿಂದ ತುಂಬಿದ್ದು. ಆದರೆ ಕಾಲಿಟ್ಟರೆ ಕೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ರೈತರು ಆ ನೆಲದಲ್ಲಿ ಸುಮಾರು ಒಂದು ಮೀಟರಿಗೂ ಹೆಚ್ಚು ಆಳದಲ್ಲಿ ಸುಟ್ಟ ಜೇಡಿಮಣ್ಣಿನ ಕೊಳವೆಗಳನ್ನು ಸಾಲಾಗಿ ಹೂತರು. ಹೆಚ್ಚಿನ ನೀರು ಕೊಳವೆಗೆ ಬಸಿದು ಹಳ್ಳಕ್ಕೆ ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಜೌಗು ನೆಲ ಜಗತ್ತಿನ ಅತ್ಯಂತ ಫಲವತ್ತಾದ ಹೊಲಗಳಲ್ಲೊಂದಾಯಿತು. ಈಗ ಜೇಡಿಮಣ್ಣಿನ ಬದಲು ತೂತುಗಳಿರುವ ಪ್ಲಾಸ್ಟಿಕ್ ಕೊಳವೆ ಬಂದಿದೆ, ಕೆಲಸ ಅದೇ.

ಹಲವು ರೈತರ ಕೊಳವೆಗಳು ಸೇರುವ ದೊಡ್ಡ ಕೊಳವೆ, ಕಾಲುವೆಗಳ ನಿರ್ವಹಣೆಗೆ ಬಸಿಗಾಲುವೆ ಜಿಲ್ಲೆಗಳು ಎಂಬ ವ್ಯವಸ್ಥೆ ಇದೆ. ಜಮೀನುದಾರರು ಅದಕ್ಕೆ ಹಣ ಕೊಡುತ್ತಾರೆ. ಹೆಚ್ಚಿನ ಕಡೆ ಅದರ ಧರ್ಮದರ್ಶಿಗಳು ಕೌಂಟಿಯ ಮೇಲ್ವಿಚಾರಕರೇ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಇನ್ನು ರಸಾಯನಶಾಸ್ತ್ರ. ಮೆಕ್ಕೆಜೋಳಕ್ಕೆ ಸಾರಜನಕ ಧಾರಾಳವಾಗಿ ಬೇಕು. ಅಯೋವಾದ ರೈತರು ಅದನ್ನು ಬಹುವಾಗಿ ಅಮೋನಿಯ ರೂಪದಲ್ಲಿ ಮಣ್ಣಿಗೆ ಸೇರಿಸುತ್ತಾರೆ. ಮಣ್ಣಿನಲ್ಲಿ ಅದು ಅಮೋನಿಯಂ ಅಯಾನ್ ಆಗುತ್ತದೆ. ಅದಕ್ಕೆ ಧನ ವಿದ್ಯುದಂಶ. ಜೇಡಿಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ. ವಿರುದ್ಧ ವಿದ್ಯುದಂಶಗಳು ಆಕರ್ಷಿಸುವುದರಿಂದ ಅಮೋನಿಯಂ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಆದರೆ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟಿಗೆ ಋಣ ವಿದ್ಯುದಂಶ. ಮಣ್ಣು ಅದನ್ನು ಹಿಡಿದುಕೊಳ್ಳುವುದಿಲ್ಲ. ನೀರಿನಲ್ಲಿ ಸುಲಭವಾಗಿ ಕರಗಿ ಅದು ಕೆಳಗಿಳಿಯುತ್ತದೆ. ಕೆಳಗೆ ಕೊಳವೆ ಕಾದಿರುತ್ತದೆ.

ಹಿಂದೆ ನೆಲ ಜೌಗಾಗಿದ್ದಾಗ ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತಿದ್ದವು. ಜೌಗು ಒಣಗಿದ ಮೇಲೆ ಆ ಕಾವಲು ಹೋಯಿತು. ಜೊತೆಗೆ ಜೋಳದ ಕಟಾವು ಅಕ್ಟೋಬರಿನಲ್ಲಿ ಮುಗಿದರೆ ಮುಂದಿನ ಬೆಳೆಯ ಬೇರು ಚೆನ್ನಾಗಿ ಇಳಿಯುವುದು ಜೂನಿನಲ್ಲಿ. ನಡುವೆ ನೆಲ ಬರಿದು. ಹಿಮ ಕರಗಿ ವಸಂತದ ಮಳೆ ಬಿದ್ದಾಗ ನೈಟ್ರೇಟನ್ನು ಹೀರಲು ಬೇರುಗಳೇ ಇರುವುದಿಲ್ಲ. ಹಾಕಿದ ಗೊಬ್ಬರ ಮಾತ್ರವಲ್ಲ, ಆ ಕಪ್ಪು ಮಣ್ಣಿನ ಸಾವಯವ ಅಂಶ ಕೊಳೆತು ಹುಟ್ಟುವ ನೈಟ್ರೇಟೂ ಅದರೊಡನೆ ಹೊರಡುತ್ತದೆ.

ಹನಿಗೂಡಿ ಹಳ್ಳ ಎಂಬಂತೆ ಬ್ಯೂನಾ ವಿಸ್ಟಾ ಕೌಂಟಿಯ ಹೊಲಗಳ ನೀರಿನ ಬಹುಪಾಲು ಉತ್ತರ ರಕೂನ್ ನದಿಯಾಗಿ ಹರಿಯುತ್ತದೆ. ಆ ನದಿ ಹುಟ್ಟುವುದು ಇದೇ ಕೌಂಟಿಯಲ್ಲಿ. ಆಗ್ನೇಯಕ್ಕೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಅದು ರಾಜಧಾನಿ ಡಿಮಾಯ್ನ್ ತಲುಪುತ್ತದೆ. ಅಲ್ಲಿ ಸುಮಾರು 5 ಲಕ್ಷ ಜನ ಆ ನೀರನ್ನು ಕುಡಿಯುತ್ತಿದ್ದರು.

ನೀಲಿಗಟ್ಟಿದ ಕೂಸು

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹಾಗಾದರೆ ಅದರಿಂದ ಏನು ಕೇಡು?

ಇದಕ್ಕೆ ಉತ್ತರ ಸಿಕ್ಕಿದ್ದೂ ಅಯೋವಾದಲ್ಲೇ. 1945ರಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಹೊಲದ ಮನೆಗಳ ಹಸುಗೂಸುಗಳು ಮೈ ನೀಲಿಗಟ್ಟಿ ಆಸ್ಪತ್ರೆಗೆ ಬರುತ್ತಿದ್ದವು. ಹೃದಯದಲ್ಲಿ ದೋಷವಿರಲಿಲ್ಲ, ಶ್ವಾಸಕೋಶದಲ್ಲೂ ಇರಲಿಲ್ಲ. ಆ ಕೂಸುಗಳಿಗೆ ಕೊಟ್ಟ ಬಾಟಲಿ ಹಾಲನ್ನು ಮನೆಯ ಬಾವಿ ನೀರಿನಲ್ಲಿ ಕಲಸಲಾಗಿತ್ತು. ಆ ನೀರಿನಲ್ಲಿ ನೈಟ್ರೇಟ್ ತುಂಬಿತ್ತು.

ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗುತ್ತದೆ. ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಉತ್ಕರ್ಷಿಸುತ್ತದೆ. ಎರಡು ವಿದ್ಯುದಂಶದ ಫೆರಸ್ ಕಬ್ಬಿಣ ಮೂರು ವಿದ್ಯುದಂಶದ ಫೆರಿಕ್ ಕಬ್ಬಿಣವಾಗುತ್ತದೆ. ಹಾಗಾದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಒಂದು ಎಲೆಕ್ಟ್ರಾನಿನ ವ್ಯತ್ಯಾಸ. ಮಗು ಉಸಿರಾಡುತ್ತಿದ್ದರೂ ಅದರ ಅಂಗಾಂಗಗಳಿಗೆ ಉಸಿರು ತಲುಪುವುದಿಲ್ಲ. ದೊಡ್ಡವರ ರಕ್ತದಲ್ಲಿ ಇದನ್ನು ಸರಿಪಡಿಸುವ ಕಿಣ್ವ ಸಾಕಷ್ಟಿರುತ್ತದೆ. ಮೊದಲ ಕೆಲವು ತಿಂಗಳ ಕೂಸಿಗೆ ಅದು ಇನ್ನೂ ಕಡಿಮೆ.

ಈ ಕಾರಣದಿಂದಲೇ ಕುಡಿಯುವ ನೀರಿಗೆ ಮಿತಿ ಇಡಲಾಯಿತು. ಅಮೆರಿಕದಲ್ಲಿ ಅದು ಲೀಟರಿಗೆ 10 ಮಿಲಿಗ್ರಾಂ, ಭಾರತದಲ್ಲಿ 45 ಮಿಲಿಗ್ರಾಂ. ನಮ್ಮದು ನಾಲ್ಕು ಪಟ್ಟು ಸಡಿಲ ಎಂದು ಗಾಬರಿಯಾಗಬೇಕಾಗಿಲ್ಲ. ಅಮೆರಿಕದವರು ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ತೂಗುತ್ತಾರೆ, ನಾವು ಇಡೀ ನೈಟ್ರೇಟನ್ನು ತೂಗುತ್ತೇವೆ. ಸಾರಜನಕದ ಪರಮಾಣು ತೂಕ 14. ಮೂರು ಆಮ್ಲಜನಕ ಸೇರಿದ ನೈಟ್ರೇಟಿನದು 62. ಹತ್ತನ್ನು 62ರಿಂದ ಗುಣಿಸಿ 14ರಿಂದ ಭಾಗಿಸಿ ನೋಡಿ. ಉತ್ತರ 44.3. ಎರಡೂ ಮಿತಿಗಳು ಒಂದೇ. ಹತ್ತನೆಯ ತರಗತಿಯ ಹುಡುಗ ಮಾಡಬಹುದಾದ ಈ ಲೆಕ್ಕ ಗೊತ್ತಿಲ್ಲದೆ ಎಷ್ಟೋ ವಾದಗಳು ದಾರಿ ತಪ್ಪುತ್ತವೆ.

ಊರಿನ ಮೇಲೆ ಮೊಕದ್ದಮೆ

ಡಿಮಾಯ್ನ್ ಜಲಮಂಡಳಿ 1990ರ ದಶಕದ ಆರಂಭದಲ್ಲೇ ನೈಟ್ರೇಟ್ ತೆಗೆಯುವ ಘಟಕವೊಂದನ್ನು ಕಟ್ಟಿಕೊಂಡಿತ್ತು. ಅದು ಅಯಾನ್ ವಿನಿಮಯದ ತತ್ತ್ವದಿಂದ ನಡೆಯುವಂಥದು. ಅದನ್ನು ಓಡಿಸಲು ದಿನಕ್ಕೆ ಸಾವಿರಾರು ಡಾಲರ್ ಬೇಕು. ಆ ಹಣ ನಗರದ ನೀರಿನ ಬಿಲ್ಲಿನಿಂದ ಬರಬೇಕು. ಹೊಲದಿಂದ ಬಂದದ್ದನ್ನು ತೆಗೆಯಲು ನಗರದವರು ಏಕೆ ಹಣ ಕೊಡಬೇಕು ಎಂದು ಜಲಮಂಡಳಿ ಕೇಳಿತು. 2015ರ ಮಾರ್ಚ್‌ನಲ್ಲಿ ಬ್ಯೂನಾ ವಿಸ್ಟಾ, ಸ್ಯಾಕ್ ಮತ್ತು ಕ್ಯಾಲ್ಹೂನ್ ಕೌಂಟಿಗಳ ಮೇಲ್ವಿಚಾರಕರ ಮೇಲೆ, ಅವರು ಬಸಿಗಾಲುವೆ ಜಿಲ್ಲೆಗಳ ಧರ್ಮದರ್ಶಿಗಳು ಎಂಬ ನೆಲೆಯಲ್ಲಿ, ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಕಾನೂನಿನ ಪ್ರಶ್ನೆ ಹೀಗಿತ್ತು. ಅಮೆರಿಕದ 1972ರ ಶುದ್ಧ ಜಲ ಕಾಯಿದೆಯ ಪ್ರಕಾರ ಕಾರ್ಖಾನೆಯ ಕೊಳವೆಯಿಂದ ನದಿಗೆ ಕೊಳಕು ಬಿಡಲು ಪರವಾನಗಿ ಬೇಕು. ಹೊಲದ ಮೇಲೆ ಹರಿದು ಬರುವ ಮಳೆ ನೀರಿಗೆ ಬೇಡ. ಹಾಗಾದರೆ ಹೊಲದ ಕೆಳಗಿನ ಕೊಳವೆ ಕೊಳವೆಯೋ, ಹೊಲವೋ?

ಹಳ್ಳಿಗಾಡು ಸಿಟ್ಟಿಗೆದ್ದಿತು. ಆಗ ರಾಜ್ಯದ ಗವರ್ನರ್ ಆಗಿದ್ದ ಟೆರಿ ಬ್ರಾನ್‌ಸ್ಟಾಡ್ ಇದನ್ನು ನಗರವು ಗ್ರಾಮೀಣ ಅಯೋವಾದ ಮೇಲೆ ಸಾರಿದ ಯುದ್ಧ ಎಂದು ಬಣ್ಣಿಸಿದರು. ಬ್ಯೂನಾ ವಿಸ್ಟಾದಲ್ಲಿ ಬಹುಪಾಲು ಜನರ ಬದುಕು ಒಂದಲ್ಲ ಒಂದು ಬಗೆಯಲ್ಲಿ ಜೋಳ ಮತ್ತು ಹಂದಿಯನ್ನು ನಂಬಿದ್ದು. ಪತ್ರಿಕೆಯ ಚಂದಾದಾರರು ರೈತರು. ಜಾಹೀರಾತು ಕೊಡುವ ಅಂಗಡಿಗಳ ಗಿರಾಕಿಗಳು ರೈತರು. ಅಂಥಲ್ಲಿ ಸ್ಥಳೀಯ ಪತ್ರಿಕೆ ನಗರವನ್ನು ಬೈದಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಸುಮ್ಮನಿದ್ದರೂ ನಷ್ಟವಿರಲಿಲ್ಲ. ನೀರಿನಲ್ಲಿದ್ದು ಮೊಸಳೆಯ ಜೊತೆ ವೈರವೇ ಎಂಬ ಮಾತು ನಮ್ಮಲ್ಲೇ ಇದೆಯಲ್ಲ.

ಸ್ಟಾರ್ಮ್ ಲೇಕ್ ಟೈಮ್ಸ್ ಬೈಯಲೂ ಇಲ್ಲ, ಸುಮ್ಮನಿರಲೂ ಇಲ್ಲ. ನೀರಿನಲ್ಲಿ ನೈಟ್ರೇಟ್ ಇರುವುದು ನಿಜ, ಅದು ಹೊಲದಿಂದ ಬರುವುದೂ ನಿಜ ಎಂದು ಸಂಪಾದಕರು ಬರೆದರು. ರೈತರನ್ನು ಶತ್ರುಗಳಂತೆ ಕಾಣಲಿಲ್ಲ. ಹೆಚ್ಚು ಬೆಳೆ, ಹೆಚ್ಚು ಗೊಬ್ಬರ ಎಂಬ ಚಕ್ರಕ್ಕೆ ರೈತನನ್ನು ಕಟ್ಟಿಹಾಕಿದ ದೊಡ್ಡ ಕಂಪನಿಗಳ ಪಾತ್ರವನ್ನು ಎತ್ತಿ ತೋರಿಸಿದರು. ನ್ಯಾಯಾಲಯದ ಮೆಟ್ಟಿಲ ಮೇಲೆ ಹೊಡೆದಾಡುವ ಬದಲು ಕೂತು ಮಾತನಾಡಿ ಎಂದರು.

ವಕೀಲರ ಖರ್ಚು ಯಾರದು?

ಇದರ ನಡುವೆ ಪತ್ರಿಕೆ ಇನ್ನೊಂದು ವಿಷಯವನ್ನು ಹಿಡಿಯಿತು. ಮೂರು ಕೌಂಟಿಗಳ ಪರವಾಗಿ ದುಬಾರಿ ವಕೀಲರು ವಾದಿಸುತ್ತಿದ್ದರು. ಆದರೆ ಆ ಖರ್ಚಿನ ಬಹುಪಾಲು ಕೌಂಟಿಯ ಖಜಾನೆಯಿಂದ ಹೋಗುತ್ತಿರಲಿಲ್ಲ. ಕೃಷಿ ಉದ್ಯಮದ ಸಂಘಟನೆಯೊಂದು ನಿಧಿ ಕೂಡಿಸಿ ಕೊಡುತ್ತಿತ್ತು. ನಿಧಿಗೆ ಹಣ ಹಾಕಿದವರು ಯಾರು? ಅದನ್ನು ಬಹಿರಂಗಪಡಿಸಿರಲಿಲ್ಲ.

ಪುಕ್ಕಟೆ ಬಂದ ಹಣವನ್ನು ಏಕೆ ಪ್ರಶ್ನಿಸಬೇಕು, ತೆರಿಗೆದಾರರಿಗೆ ಉಳಿತಾಯವೇ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಪತ್ರಿಕೆಯ ವಾದ ಸರಳವಾಗಿತ್ತು. ಕೌಂಟಿ ಸಾರ್ವಜನಿಕ ಸಂಸ್ಥೆ. ಅದರ ವಕೀಲರ ಸಂಬಳ ಯಾರು ಕೊಡುತ್ತಾರೆ ಎಂದು ತಿಳಿಯುವ ಹಕ್ಕು ಸಾರ್ವಜನಿಕರಿಗಿದೆ. ಹಣ ಕೊಟ್ಟವನ ಮಾತು ನಡೆಯುತ್ತದೆ. ರಾಜಿಯಾಗಬೇಕೋ ಬೇಡವೋ ಎಂದು ನಿರ್ಧರಿಸುವವರು ಜನರು ಆರಿಸಿದ ಮೇಲ್ವಿಚಾರಕರೋ, ಹೆಸರಿಲ್ಲದ ದಾನಿಗಳೋ?

ತಂದೆ ಸಂಪಾದಕೀಯ ಬರೆದರೆ ಮಗ ಟಾಮ್ ದಾಖಲೆಗಳ ಬೆನ್ನುಹತ್ತಿದ. ಅಯೋವಾ ಮಾಹಿತಿ ಸ್ವಾತಂತ್ರ್ಯ ಮಂಡಳಿ ಪತ್ರಿಕೆಯ ಜೊತೆ ನಿಂತಿತು. ಸಾರ್ವಜನಿಕ ಸಂಸ್ಥೆಗೆ ಸಂಬಂಧಿಸಿದ ಕಾಗದಪತ್ರ ಖಾಸಗಿಯವರ ಬೀರುವಿನಲ್ಲಿದ್ದರೂ ಅದು ಸಾರ್ವಜನಿಕವೇ ಎಂಬುದು ಅವರ ಪಟ್ಟು. ವಾರ ವಾರವೂ ಅದೇ ಪ್ರಶ್ನೆ. ಕೊನೆಗೆ 2016ರಲ್ಲಿ ಕೌಂಟಿಗಳು ಆ ನಿಧಿಯೊಂದಿಗಿನ ಏರ್ಪಾಡನ್ನು ಕೈಬಿಟ್ಟವು.

ಪುಲಿಟ್ಜರ್ ತೀರ್ಪುಗಾರರು ಮೆಚ್ಚಿದ್ದು ಹಟ ಬಿಡದ ವರದಿಗಾರಿಕೆ, ವಿಷಯದ ಆಳವಾದ ತಿಳಿವಳಿಕೆ ಇವೆರಡನ್ನೂ ಹಿಂದಿಟ್ಟುಕೊಂಡ ಬರವಣಿಗೆಯನ್ನು. ಅಯಾನ್ ಎಂದರೇನೆಂದು ಅರಿಯದೆ ಆ ಸಂಪಾದಕೀಯಗಳನ್ನು ಬರೆಯಲು ಆಗುತ್ತಿರಲಿಲ್ಲ. ಕೌಂಟಿಯ ಸಭೆಗಳಲ್ಲಿ ಬೇಸರವಿಲ್ಲದೆ ಕೂರದೆಯೂ ಆಗುತ್ತಿರಲಿಲ್ಲ.

ಸೋತ ದಾವೆ, ಉಳಿದ ಪ್ರಶ್ನೆ

ದಾವೆ ಏನಾಯಿತು? 2017ರ ಜನವರಿಯಲ್ಲಿ ಅಯೋವಾದ ಸುಪ್ರೀಂ ಕೋರ್ಟು ಬಸಿಗಾಲುವೆ ಜಿಲ್ಲೆಗಳಿಗೆ ಕಾನೂನಿನ ರಕ್ಷಣೆ ಇದೆ, ಅವುಗಳಿಂದ ಪರಿಹಾರ ಕೇಳುವಂತಿಲ್ಲ ಎಂದಿತು. ಮಾರ್ಚ್ 17ರಂದು ಫೆಡರಲ್ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಮೂರು ವಾರ ಕಳೆದ ಮೇಲೆ ಪುಲಿಟ್ಜರ್ ಬಂತು. ಪ್ರಶಸ್ತಿ ಬಂದಾಗ ಡಿಮಾಯ್ನ್ ಸೋತಾಗಿತ್ತು, ಕೌಂಟಿಗಳು ಗೆದ್ದಾಗಿತ್ತು. ಆದರೆ ತೀರ್ಪಿನಿಂದ ನದಿಯ ನೀರಿನ ಒಂದು ಮಿಲಿಗ್ರಾಂ ನೈಟ್ರೇಟೂ ಕಡಿಮೆಯಾಗಲಿಲ್ಲ.

ಎಂಟು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ನದಿಗಳಲ್ಲಿ ನೈಟ್ರೇಟ್ ಎಷ್ಟು ಏರಿತೆಂದರೆ ಡಿಮಾಯ್ನ್ ಸುತ್ತಮುತ್ತಲಿನ ಸುಮಾರು 6 ಲಕ್ಷ ಜನರಿಗೆ ಮನೆಯ ಮುಂದಿನ ಹುಲ್ಲಿಗೆ ನೀರು ಹಾಕದಂತೆ ನಿಷೇಧ ಹೇರಬೇಕಾಯಿತು. ನದಿಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಅಷ್ಟು ನೀರಿನಿಂದ ನೈಟ್ರೇಟ್ ತೆಗೆಯುವ ಶಕ್ತಿ ಘಟಕಕ್ಕೆ ಇರಲಿಲ್ಲ.

ಪರಿಹಾರ ಇಲ್ಲವೆಂದಲ್ಲ. ಜೋಳದ ಕಟಾವಿನ ಮೇಲೆ ರೈ ಎಂಬ ಹೊದಿಕೆ ಬೆಳೆ ಬಿತ್ತಿದರೆ ಅದರ ಬೇರು ನೈಟ್ರೇಟನ್ನು ಹಿಡಿದಿಡುತ್ತದೆ. ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡಬಹುದು. ಕೊಳವೆಯ ಬಾಯಿಗೆ ಸಣ್ಣ ಜೌಗು ನಿರ್ಮಿಸಬಹುದು. ಮರದ ಚಕ್ಕೆ ತುಂಬಿದ ಗುಂಡಿಯ ಮೂಲಕ ನೀರು ಹಾಯಿಸಿದರೆ ಅಲ್ಲಿನ ಬ್ಯಾಕ್ಟೀರಿಯಗಳು ಹಿಂದಿನ ಕೆಸರು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತವೆ. ಇವೆಲ್ಲಕ್ಕೂ ಹಣ ಬೇಕು, ನೆಲ ಬೇಕು. ಯಾರು ಕೊಡಬೇಕು ಎಂಬುದು ಮತ್ತೆ ಸಭೆಯಲ್ಲಿ ಕೂತು ತೀರ್ಮಾನಿಸಬೇಕಾದ ಮಾತು.

ಕೇಳುವವರು ಇಲ್ಲವಾದರೆ

ಈ ಕತೆಯಲ್ಲಿ ಇನ್ನೊಂದು ಆತಂಕವಿದೆ. ಅಮೆರಿಕದಲ್ಲಿ 2005ರಿಂದ ಈಚೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಅವುಗಳಲ್ಲಿ ಬಹಳಷ್ಟು ಇಂಥ ಸಣ್ಣ ಊರಿನ ವಾರಪತ್ರಿಕೆಗಳು. ಇನ್ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ ಸ್ಥಳೀಯ ಸುದ್ದಿಯ ಮೂಲವೇ ಇಲ್ಲ. ಪತ್ರಿಕೆ ಮುಚ್ಚಿದ ಮೇಲೆ ಏನಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಅಂಥ ಊರಿನ ಸ್ಥಳೀಯ ಆಡಳಿತ ಸಾಲ ಪಡೆಯುವಾಗ ಕೊಡಬೇಕಾದ ಬಡ್ಡಿ ಹೆಚ್ಚಾಗುತ್ತದೆ ಎಂದು ಕಂಡುಬಂದಿದೆ. ಲೆಕ್ಕ ನೋಡುವವರು ಇಲ್ಲದ ಕಡೆ ಹಣ ಹಾಕಲು ಸಾಲ ಕೊಡುವವನಿಗೂ ಅಂಜಿಕೆ.

ಪುಲಿಟ್ಜರ್ ಬಂದ ಪತ್ರಿಕೆಯೂ ಈ ಬಿರುಗಾಳಿಯಿಂದ ಪಾರಾಗಲಿಲ್ಲ. 2020ರ ಸಾಂಕ್ರಾಮಿಕದಲ್ಲಿ ಜಾಹೀರಾತು ಕುಸಿಯಿತು. ನೆರೆಹೊರೆಯ ಪತ್ರಿಕೆಗಳಿಗೆ ದೇಣಿಗೆ ಸಂಗ್ರಹಿಸಲು ಒಂದು ಪ್ರತಿಷ್ಠಾನ ಹುಟ್ಟಿತು. 2022ರಲ್ಲಿ ಊರಿನ ಹಳೆಯ ಪ್ರತಿಸ್ಪರ್ಧಿ ಪೈಲಟ್ ಟ್ರಿಬ್ಯೂನ್ ಜೊತೆ ಸೇರಿ ಪತ್ರಿಕೆ ಸ್ಟಾರ್ಮ್ ಲೇಕ್ ಟೈಮ್ಸ್ ಪೈಲಟ್ ಎಂಬ ಹೊಸ ಹೆಸರು ಪಡೆಯಿತು. ಈ ಕುಟುಂಬದ ಹೆಣಗಾಟವನ್ನು ಕುರಿತು 2021ರಲ್ಲಿ ಸ್ಟಾರ್ಮ್ ಲೇಕ್ ಎಂಬ ಸಾಕ್ಷ್ಯಚಿತ್ರವೂ ಬಂದಿದೆ.

ನಮ್ಮ ಊರಿನ ಕೊಳವೆಬಾವಿ

ಅಯೋವಾ ದೂರ, ನೈಟ್ರೇಟ್ ದೂರವಲ್ಲ. ಕೇಂದ್ರೀಯ ಅಂತರ್ಜಲ ಮಂಡಳಿ 2024ರ ಕೊನೆಯಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದಿಂದ ತೆಗೆದ ನೀರಿನ ಮಾದರಿಗಳಲ್ಲಿ ಅರ್ಧಕ್ಕೆ ಸಮೀಪದಷ್ಟರಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ದೇಶದಲ್ಲಿ ರಾಜಸ್ಥಾನದ ನಂತರ ನಮ್ಮ ರಾಜ್ಯದ ಸ್ಥಾನ. ಇಲ್ಲಿ ಹೊಲದ ಕೆಳಗೆ ಬಸಿಗೊಳವೆಗಳ ಜಾಲವಿಲ್ಲ. ಯೂರಿಯ ಇದೆ, ತಿಪ್ಪೆ ಇದೆ, ಬಾವಿಯ ಪಕ್ಕದಲ್ಲೇ ತೋಡಿದ ಶೌಚದ ಗುಂಡಿ ಇದೆ.

ತಾಯ್ತಂದೆಯರು ನೆನಪಿಡಬೇಕಾದ ಮಾತೊಂದಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮೇಣದಬತ್ತಿಯಾಕಾರದ ಸೋಸುಕದಲ್ಲಿ ಹಾಯಿಸಿದರೂ ಅದು ನಿಲ್ಲುವುದಿಲ್ಲ. ವಿಲೋಮ ಪರಾಸರಣದ ಘಟಕ ಅದನ್ನು ತಗ್ಗಿಸುತ್ತದೆ. ಹಸುಗೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲೇ ಸಾಕು ಎಂಬ ವೈದ್ಯರ ಮಾತಿನಲ್ಲಿ ಈ ರಕ್ಷಣೆಯೂ ಸೇರಿದೆ.

ಹಾಗಾದರೆ ನಮ್ಮ ಊರಿನ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ? ತಿಳಿಯುವ ದಾರಿ ಇದೆ. ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಡಲಾಗಿದೆ. ನೈಟ್ರೇಟ್ ಪರೀಕ್ಷೆಯೂ ಅದರಲ್ಲಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದಿಡಬೇಕು. ಮಕ್ಕಳ ಗ್ರಾಮಸಭೆ ಎಂಬುದೊಂದಿದೆ. ಅಲ್ಲಿ ವಿದ್ಯಾರ್ಥಿಗಳೇ ಎದ್ದುನಿಂತು ಕೇಳಬಹುದು. ಉತ್ತರ ಸಿಗದಿದ್ದರೆ ತಂದೆಯೋ ತಾಯಿಯೋ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಇವೆಲ್ಲ ಇದ್ದೂ ಗ್ರಾಮಸಭೆಯ ದಿನ ಚಾಪೆ ಖಾಲಿ ಇರುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಎದ್ದುನಿಂತು ಪ್ರಶ್ನೆ ಕೇಳುವುದು ಕಷ್ಟ. ಅಧ್ಯಕ್ಷರು ಸಂಬಂಧಿಕರು, ಕಾರ್ಯದರ್ಶಿ ಪರಿಚಯದವರು, ಗೊಬ್ಬರದ ಅಂಗಡಿಯವರು ಸಾಲ ಕೊಟ್ಟವರು. ಸ್ಟಾರ್ಮ್ ಲೇಕ್‌ನಲ್ಲೂ ಅಷ್ಟೇ ಆಗಿತ್ತು. ಸಂಪಾದಕರು ಯಾರ ಬಗ್ಗೆ ಬರೆದರೋ ಅವರನ್ನೇ ಮರುದಿನ ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಶಾಲೆಯ ಆಟದ ಮೈದಾನದಲ್ಲಿ ಎದುರುಗೊಳ್ಳಬೇಕಿತ್ತು. ಸಿಟ್ಟಿನಿಂದ ಕೇಳಿದ್ದರೆ ಎರಡು ವಾರದಲ್ಲಿ ಮುಗಿದುಹೋಗುತ್ತಿತ್ತು. ಅಳತೆಯನ್ನು ಮುಂದಿಟ್ಟು, ಹೆಸರನ್ನು ತಪ್ಪಿಲ್ಲದೆ ಬರೆದು, ಎರಡು ವರ್ಷ ಒಂದೇ ಪ್ರಶ್ನೆಯನ್ನು ಕೇಳಿದ್ದರಿಂದ ಅದು ನಿಂತಿತು.

ಈ ವಾರ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಪಂಚಾಯಿತಿ ಕಚೇರಿಗೆ ಮನೆಯ ಹಿರಿಯರೊಡನೆ ಹೋಗಿ, ಶಾಲೆಗೆ ಬರುವ ನೀರಿನ ಕಡೆಯ ಪರೀಕ್ಷೆ ಯಾವಾಗ ನಡೆಯಿತು, ನೈಟ್ರೇಟ್ ಎಷ್ಟಿತ್ತು ಎಂದು ಕೇಳಬಹುದು. ದಿನಾಂಕ, ಕೊಳವೆಬಾವಿಯ ಜಾಗ, ಅಂಕಿ ಈ ಮೂರನ್ನೂ ಬರೆದುಕೊಂಡು ಶಾಲೆಯ ಸೂಚನಾ ಫಲಕದಲ್ಲಿ ಹಾಕಬಹುದು. ಅಂಕಿ 45ಕ್ಕಿಂತ ಕಡಿಮೆ ಇದ್ದರೆ ಊರಿಗೇ ಸಮಾಧಾನ. ಹೆಚ್ಚಿದ್ದರೆ ಮುಂದಿನ ಗ್ರಾಮಸಭೆಗೆ ಒಂದು ವಿಷಯ ಸಿಕ್ಕಿತು. ಪರೀಕ್ಷೆಯೇ ಆಗಿಲ್ಲವೆಂದು ಗೊತ್ತಾದರೆ ಫಲಕದಲ್ಲಿ ಅದನ್ನೇ ಬರೆಯಬೇಕು. ಅದೂ ಊರಿನ ಸುದ್ದಿಯೇ.